ಹಿಂದಿನ ಬೋಗಿಯಿಂದ ಶುರು

ಜಂಕ್ಷನ್ನಿನ ಹೆಬ್ಬಾಗಿಲು ದಾಟಿದ ಕೂಡಲೇ ಬಲಗಡೆ ಗೋಡೆಗೆ ಆಳೆತ್ತರದ ಒಂದು ಬೋರ್ಡು ಹಾಕಿದ್ದಾರೆ. ಮೇಲರ್ಧ ಸ್ಟೇಷನ್ನಿನ ಇತಿಹಾಸ, ಕೆಳಗಿನರ್ಧ ಸೌಲಭ್ಯಗಳ ಪಟ್ಟಿ. ಮೂರು ದಿಕ್ಕಿನ ಹಳಿಗಳು ಇಲ್ಲಿ ಬಂದು ಕೂಡಿದ್ದು ಯಾವ ವರ್ಷ, ಉಗಿ ಎಂಜಿನ್ನು ಹೋಗಿ ಡೀಸೆಲ್ ಬಂದದ್ದು ಯಾವಾಗ, ಕರೆಂಟಿನ ತಂತಿ ಎಳೆದದ್ದು ಯಾವಾಗ, ಎಲ್ಲವನ್ನೂ ಒಂದಕ್ಷರ ತಪ್ಪದಂತೆ ಬರೆದಿದ್ದಾರೆ. ಐದು ಪ್ಲಾಟ್‌ಫಾರ್ಮು, ಎರಡು ಮೇಲ್ಸೇತುವೆ, ಹೆಂಗಸರಿಗೆ ಬೇರೆ ವೇಟಿಂಗ್ ರೂಮು, ತಂಗಲು ನಾಲ್ಕು ಕೋಣೆ, ಒಂದು ಕ್ಯಾಂಟೀನು, ಒಂದು ಗಾಲಿಕುರ್ಚಿ. ಆ ಕುರ್ಚಿಯ ಒಂದು ಗಾಲಿ ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಬರೆದಿಲ್ಲ.

ಬರೆದ ಪುಣ್ಯಾತ್ಮನಿಗೆ ನೀರಕ್ಕನ ನೆನಪೂ ಆಗಿಲ್ಲ. ಆಗುವುದಾದರೂ ಹೇಗೆ? ಅವಳು ಪ್ಲಾಟ್‌ಫಾರ್ಮಿನ ಮೇಲೆ ಕಾಣಿಸಿಕೊಳ್ಳುವವಳೇ ಅಲ್ಲ. ಗಾಡಿ ಬಂದು ನಿಂತಾಗ ಜನರೆಲ್ಲ ಈಚೆ ಬದಿಗೆ ಇಳಿದು ಹತ್ತುತ್ತಾರೆ. ಅವಳು ಆಚೆ ಬದಿಯಲ್ಲಿ, ಎರಡು ಹಳಿಗಳ ನಡುವಿನ ಜಲ್ಲಿಕಲ್ಲಿನ ಮೇಲೆ, ಸೀರೆ ಮೇಲಕ್ಕೆ ಸಿಕ್ಕಿಸಿ ರಬ್ಬರ್ ಬೂಟು ಹಾಕಿಕೊಂಡು, ಹೆಗಲ ಮೇಲೆ ಹೋಸ್ ಪೈಪು ಹೊತ್ತು ಓಡುತ್ತಿರುತ್ತಾಳೆ. ಅವಳ ಕೆಲಸ ಗಾಡಿಗೆ ನೀರು ತುಂಬುವುದು. ಪ್ರತಿ ಬೋಗಿಯ ನೆತ್ತಿಯ ಮೇಲೂ ಒಂದು ಟ್ಯಾಂಕು ಇರುತ್ತದೆ. ಅದರಲ್ಲಿ ನೀರಿದ್ದರೆ ಕಕ್ಕಸ್ಸಿಗೆ ಹೋದವರು ಮರ್ಯಾದೆಯಿಂದ ಹೊರಗೆ ಬರುತ್ತಾರೆ, ಇಲ್ಲದಿದ್ದರೆ ಮುಖ ಮುಚ್ಚಿಕೊಂಡು ಬರುತ್ತಾರೆ. ಇದಕ್ಕಿಂತ ದೊಡ್ಡ ಸೌಲಭ್ಯ ಯಾವುದಿದೆಯೋ ಆ ಬೋರ್ಡು ಬರೆದವನೇ ಹೇಳಬೇಕು.

ಅಸಲಿಗೆ ಇಲ್ಲಿ ಜಂಕ್ಷನ್ ಆದದ್ದೇ ನೀರಿನ ದೆಸೆಯಿಂದ. ಪಂಪ್ ಹೌಸಿನ ಹಿಂದಿನ ಬಾವಿ ಎಂಥ ಬೇಸಿಗೆಯಲ್ಲೂ ತಳ ಕಂಡದ್ದಿಲ್ಲ. ಉಗಿ ಎಂಜಿನ್ನುಗಳು ದೂರದಿಂದ ಏದುಸಿರು ಬಿಡುತ್ತ ಬಂದು, ಇಲ್ಲಿ ಹೊಟ್ಟೆತುಂಬ ಕುಡಿದು, ಆಮೇಲೆ ತಮ್ಮ ತಮ್ಮ ದಿಕ್ಕು ಹಿಡಿಯುತ್ತಿದ್ದವು. ನೀರಕ್ಕನ ಅಪ್ಪ ಆ ಪಂಪು ನಡೆಸುತ್ತಿದ್ದವನು. ಹಬೆಯ ಕಾಲ ಮುಗಿದ ಮೇಲೂ ಪಂಪು ಉಳಿಯಿತು, ಅವನೂ ಉಳಿದ. ಕೊನೆಗೆ ಎರಡೂ ಕಣ್ಣಿಗೆ ಪೊರೆಗಿಂತ ಕೆಟ್ಟದ್ದೇನೋ ಬಂದು ಡಾಕ್ಟರು ಕೆಲಸಕ್ಕೆ ಆಗುವುದಿಲ್ಲ ಎಂದು ಬರೆದಾಗ, ಅವನ ಬದಲಿಗೆ ಮಗಳನ್ನು ತೆಗೆದುಕೊಂಡರು. ಆಗ ಅವಳಿಗೆ ಇಪ್ಪತ್ತಮೂರು. ಹೆಂಗಸಿಗೆ ಈ ಪೈಪು ಎಳೆಯೋದು ಆಗುತ್ತಾ ಎಂದು ಮೂಗು ಮುರಿದವರು ಆರು ತಿಂಗಳಲ್ಲೇ ಅವಳನ್ನು ನೀರಕ್ಕ ಎಂದು ಕರೆಯತೊಡಗಿದರು. ಅವಳಿಗಿಂತ ಹಿರಿಯರೂ ಹಾಗೇ ಕರೆದರು.

ಈ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಎಂಜಿನ್ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ನೀರಿನ ದೊಡ್ಡ ಪೈಪೂ ಆ ಕಡೆಯಿಂದಲೇ ಬರುತ್ತಿತ್ತು. ಹನ್ನೆರಡು ಬೋಗಿಯ ಗಾಡಿ ಓಡುತ್ತಿದ್ದ ಕಾಲದಲ್ಲಿ ಹಾಕಿದ ಪೈಪು ಅದು. ಈಗ ಗಾಡಿಗೆ ಇಪ್ಪತ್ತೆರಡು ಬೋಗಿ, ಪೈಪು ಮಾತ್ರ ಹಳೆಯದೇ. ಮುಂದಿನ ವಾಲ್ವುಗಳನ್ನು ತೆರೆದರೆ ನೀರೆಲ್ಲ ಅಲ್ಲೇ ಹರಿದು, ಹಿಂದಿನ ಕೊಳವೆಯಲ್ಲಿ ಬರೇ ಗಾಳಿ ಸುಯ್ಯೆನ್ನುತ್ತಿತ್ತು. ಮಧ್ಯಾಹ್ನ ಎರಡು ಹತ್ತರ ಗಾಡಿ ನಿಲ್ಲುವುದು ಹದಿನಾಲ್ಕು ನಿಮಿಷ. ಮುಂದಿನಿಂದ ತುಂಬಿಸುತ್ತ ಬಂದರೆ ಹದಿನೆಂಟನೇ ಬೋಗಿಗೆ ಬರುವಷ್ಟರಲ್ಲಿ ಗಾರ್ಡು ಹಸಿರು ಬಾವುಟ ಬೀಸುತ್ತಿದ್ದ. ಹಿಂದಿನ ನಾಲ್ಕು ಬೋಗಿಗಳು ಜನರಲ್ ಬೋಗಿಗಳು. ರಿಸರ್ವೇಶನ್ ಮಾಡಿಸಲಾಗದವರು, ಅವಸರದಲ್ಲಿ ಹೊರಟವರು, ಕೂರಲು ಜಾಗವಿಲ್ಲದೆ ಕಕ್ಕಸ್ಸಿನ ಬಾಗಿಲಿಗೇ ಒರಗಿ ನಿಂತವರು, ಎಲ್ಲ ಅಲ್ಲೇ. ಎಸಿ ಬೋಗಿಗಳು ಮುಂದೆ. ಅಲ್ಲಿ ಒಂದೊಂದಕ್ಕೆ ಐವತ್ತು ಜನ, ಹಿಂದೆ ಒಂದೊಂದಕ್ಕೆ ಇನ್ನೂರೈವತ್ತು. ನೀರು ಐವತ್ತು ಜನಕ್ಕೆ.

ನೀರಕ್ಕನೂ ಮೊದಮೊದಲು ಹೀಗೇ ಮಾಡುತ್ತಿದ್ದಳು. ಕಿಟಕಿಯಿಂದ ಯಾರಾದರೂ ಕೂಗಿದರೆ, "ಮುಂದಿನಿಂದ ಬರ್ತಾ ಇದೀವಿ, ಇರಿ" ಎನ್ನುತ್ತಿದ್ದಳು. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದ ಮೇಲೆ ಒಮ್ಮೆ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತಂಗಿಯ ಊರಿಗೆ ಹೊರಟಳು. ಹನ್ನೊಂದು ಗಂಟೆಯ ಪ್ರಯಾಣ, ಜನರಲ್ ಬೋಗಿ. ಮೂರನೇ ಗಂಟೆಗೆ ಮಗುವಿಗೆ ಭೇದಿ ಶುರುವಾಯಿತು. ನಲ್ಲಿ ತಿರುಗಿಸಿದರೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮಗುವನ್ನು ತೊಳೆಯಲು ನೀರಿಲ್ಲ, ಬಟ್ಟೆ ಬದಲಿಸಲು ಜಾಗವಿಲ್ಲ. ಸುತ್ತಲಿನವರು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಗೊಣಗಿದರು, ಕೊನೆಗೆ ಒಬ್ಬ ಮುದುಕಿ ತನ್ನ ಕುಡಿಯುವ ನೀರಿನ ಬಾಟಲಿಯನ್ನೇ ಕೊಟ್ಟಳು. ಒಂದು ದೊಡ್ಡ ಸ್ಟೇಷನ್ನಿನಲ್ಲಿ ಹೋಸ್ ಪೈಪು ಹಿಡಿದವನೊಬ್ಬ ಕಂಡ. ನೀರಕ್ಕ ಕಿಟಕಿಯಿಂದ, "ಅಣ್ಣಾ, ಇಲ್ಲಿಗೊಂಚೂರು ಬಿಡಪ್ಪ, ಮಗು ಇದೆ" ಎಂದು ಅಂಗಲಾಚಿದಳು. ಅವನು ತಿರುಗಿಯೂ ನೋಡದೆ, "ಮುಂದಿನಿಂದ ಬರ್ತಾ ಇದೀವಿ, ಇರಮ್ಮ" ಎಂದ. ಅವನು ಬರುವ ಮುಂಚೆ ಗಾಡಿ ಹೊರಟಿತು.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆ ಬಂತು, ಅದೂ ಮೈಯೆಲ್ಲ ಉರಿಯುವಂಥ ಸಿಟ್ಟು. ಆ ಮಾತನ್ನು ತಾನು ಒಂಬತ್ತು ವರ್ಷ ಎಷ್ಟು ಕಿಟಕಿಗಳಿಗೆ ಹೇಳಿದ್ದೇನೆಂದು ಉಳಿದ ದಾರಿಯುದ್ದಕ್ಕೂ ಲೆಕ್ಕ ಹಾಕಿ ಸೋತಳು.

ವಾಪಸು ಬಂದ ಮರುದಿನ ಗಾಡಿ ಬರುವ ಮುಂಚೆ ಗ್ಯಾಂಗಿನವರಿಗೆ ಹೇಳಿದಳು. ಗ್ಯಾಂಗಿನಲ್ಲಿ ಮೇಸ್ತ್ರಿಯನ್ನು ಬಿಟ್ಟರೆ ನಾಲ್ಕೇ ಜನ. ಮೇಸ್ತ್ರಿಗೆ ಮಂಡಿನೋವು, ಅವನು ಸಾಮಾನಿನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತ ರಿಜಿಸ್ಟರ್ ತುಂಬುವವನು. ಹಾಗಾಗಿ ಹಳಿಗಳ ನಡುವಿನ ಬಯಲಿನಲ್ಲಿ ನೀರಕ್ಕನ ಮಾತೇ ಮಾತು.

"ಇವತ್ತಿಂದ ಹಿಂದಿನ ಬೋಗಿಯಿಂದ ಶುರು. ಮೊದಲ ಐದು ನಿಮಿಷ ಮುಂದಿನ ವಾಲ್ವು ಯಾರೂ ಮುಟ್ಟಬೇಡಿ."

"ಯಾರು ಹೇಳಿದ್ದು ಅಕ್ಕಾ?" ಎಂದು ಕೇಳಿದವನು ಸೀಟಿ. ಅವಳಿಗಿಂತ ಆರು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರೆ ಇಪ್ಪತ್ತೆರಡು ಬೋಗಿಯ ಆ ತುದಿಗೂ ಕೇಳುತ್ತಿತ್ತು, ಅದಕ್ಕೇ ಆ ಹೆಸರು.

"ನಾನು ಹೇಳಿದ್ದು. ಸಾಲದಾ?"

ಸೀಟಿಗೆ ಸಾಕಾಯಿತು. ಅವತ್ತಿನಿಂದ ಹಿಂದಿನ ನಾಲ್ಕು ಬೋಗಿ ತುಂಬಿ ಹೊರಗೆ ಚೆಲ್ಲಿದ ಮೇಲೆ ಮಧ್ಯದವು, ಆಮೇಲೆ ಮುಂದಿನವು. ಎಸಿ ಬೋಗಿಯ ಟ್ಯಾಂಕು ಮುಕ್ಕಾಲು ತುಂಬುತ್ತಿತ್ತು, ಒಮ್ಮೊಮ್ಮೆ ಅರ್ಧ. ಅಲ್ಲಿನವರಿಗೆ ಅರ್ಧವೂ ಖರ್ಚಾಗುತ್ತಿರಲಿಲ್ಲ. ಏಳು ವರ್ಷ ಹೀಗೇ ನಡೆಯಿತು. ಒಂದು ದೂರಿಲ್ಲ, ಒಂದು ತಕರಾರಿಲ್ಲ. ಕೆಲಸ ಸರಿಯಾಗಿ ನಡೆಯುವಾಗ ಅದು ಯಾವ ಕಡೆಯಿಂದ ನಡೆಯುತ್ತಿದೆ ಎಂದು ಯಾವ ಸಾಹೇಬನಿಗೆ ಬೇಕು?

ಎಂಟನೇ ವರ್ಷದ ಬೇಸಿಗೆಯಲ್ಲಿ ಗ್ರಹಚಾರ ವಕ್ಕರಿಸಿತು. ಒಂದು ದಿನ ಗಾಡಿ ನಿಂತು ಒಂಬತ್ತನೇ ನಿಮಿಷಕ್ಕೆ ಪಂಪು ಕೆಟ್ಟು ನಿಂತಿತು. ಮುಂದಿನ ಮೂರು ಬೋಗಿಗೆ ತೊಟ್ಟು ನೀರೂ ಹೋಗಲಿಲ್ಲ. ಅವತ್ತೇ ಎರಡನೇ ಬೋಗಿಯಲ್ಲಿ ಬಹಳ ದೊಡ್ಡ ಸಾಹೇಬರೊಬ್ಬರು ಪ್ರಯಾಣ ಮಾಡುತ್ತಿದ್ದರು. ಜಂಕ್ಷನ್ ಬಿಟ್ಟ ಒಂದು ತಾಸಿನಲ್ಲಿ ಮೀಟಿಂಗಿಗೆ ಇಳಿಯಬೇಕೆಂದು ಮುಖಕ್ಕೆ ಧಾರಾಳವಾಗಿ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು. ಕಣ್ಣಲ್ಲಿ ಸೋಪು, ಕೊರಳಲ್ಲಿ ಟೈ, ಕಿವಿಯ ಮೇಲೆ ನೊರೆ. ಸಾಹೇಬರು ಹಾಗೇ ಪ್ಲಾಟ್‌ಫಾರ್ಮಿಗೆ ಇಳಿದರಂತೆ, ಸ್ವಾಗತಿಸಲು ಬಂದವರು ಗುರುತು ಹಿಡಿಯದೆ ಪಕ್ಕದವರಿಗೆ ಹಾರ ಹಾಕಿದರಂತೆ. ಎಷ್ಟು ನಿಜವೋ ಏನೋ, ಗ್ಯಾಂಗಿನಲ್ಲಿ ಮಾತ್ರ ಆ ಕಥೆ ಹೇಳಿ ಹೇಳಿ ನಕ್ಕರು. ಮೂರನೇ ದಿನ ವಿಚಾರಣೆಯ ಕಾಗದ ಬಂದಾಗ ನಗು ನಿಂತಿತು.

ಪಂಪು ಯಾಕೆ ಕೆಟ್ಟಿತು, ಗಾಡಿ ಹೊರಟ ಊರಲ್ಲೇ ಆ ಬೋಗಿಗೆ ಯಾಕೆ ನೀರು ತುಂಬಲಿಲ್ಲ ಎಂಬ ಪ್ರಶ್ನೆ ಆ ಕಾಗದದಲ್ಲಿ ಇರಲಿಲ್ಲ. ಪದ್ಧತಿ ಮೀರಿ ಹಿಂದಿನಿಂದ ತುಂಬಿದ್ದು ಯಾರು ಎಂಬ ಒಂದೇ ಪ್ರಶ್ನೆ ಇತ್ತು.

ಗ್ಯಾಂಗಿನ ಮೇಲಿದ್ದ ಸೂಪರ್‌ವೈಸರು ಕೆಟ್ಟ ಮನುಷ್ಯನಲ್ಲ. ತನ್ನ ತಲೆಯ ಮೇಲೆ ಏನೂ ಬೀಳಬಾರದು ಎನ್ನುವುದನ್ನು ಬಿಟ್ಟರೆ ಬೇರೆ ದುರಾಸೆ ಇರದವನು. ನೀರಕ್ಕನನ್ನು ಕರೆದು ಟೈಪು ಮಾಡಿಸಿದ ಹಾಳೆಯೊಂದನ್ನು ಮುಂದಿಟ್ಟ. ಬಿಸಿಲಿನ ಝಳಕ್ಕೆ ತಲೆ ಸುತ್ತಿ, ಯಾವ ಕಡೆಯಿಂದ ಶುರು ಮಾಡಬೇಕೆಂಬುದನ್ನು ಅಂದು ಮರೆತೆ, ಕ್ಷಮಿಸಬೇಕು, ಇನ್ನು ಮುಂದೆ ಎಂಜಿನ್ ಕಡೆಯಿಂದಲೇ ತುಂಬುತ್ತೇನೆ ಎಂದು ಅದರಲ್ಲಿತ್ತು.

"ನಿನಗೋಸ್ಕರ ಕೂತು ಬರೆದಿದೀನಮ್ಮ. ಒಂದು ಸೈನ್ ಹಾಕು, ಬಾಯಿಮಾತಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತಾರೆ. ಮುಂದಿನ ತಿಂಗಳು ಮೇಸ್ತ್ರಿ ರಿಟೈರ್ ಆಗ್ತಾನೆ. ಆ ಜಾಗ ನಿನ್ನದೇ."

"ಹಾಕದಿದ್ರೆ?"

"ಹಾಕದಿದ್ರೆ ಮೇಸ್ತ್ರಿ ಜಾಗ ಹಾಗಿರಲಿ, ಇರೋ ಜಾಗವೂ ಗ್ಯಾರಂಟಿ ಇಲ್ಲ."

ಹಾಳೆ ಮಡಚಿಕೊಂಡು ಮನೆಗೆ ಬಂದಳು. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸು, ಎರಡು ಕೋಣೆ. ಒಂದರಲ್ಲಿ ಗಂಡನ ಹೊಲಿಗೆ ಮಿಷನ್ನು, ಇನ್ನೊಂದರಲ್ಲಿ ಅಪ್ಪನ ಮಂಚ. ಗಂಡ ಹಾಳೆ ಓದಿ, ಬಾಯಲ್ಲಿದ್ದ ದಾರ ತೆಗೆದು, "ರೈಲಿನ ಬಾಲಕ್ಕೆ ನೀರು ಹಾಕೋಕೆ ಹೋಗಿ ನಮ್ಮ ಮನೆ ಒಲೆಗೇ ನೀರು ಹಾಕ್ಬೇಡ ಮಾರಾಯ್ತಿ" ಎಂದ. ತಮಾಷೆಗೇ ಹೇಳಿದ, ಆದರೆ ಆಮೇಲೆ ಬಹಳ ಹೊತ್ತು ಮಿಷನ್ ತುಳಿಯಲಿಲ್ಲ.

ಅಪ್ಪ ಮಾತ್ರ ಕೆಂಡವಾದ. ಕಣ್ಣು ಹೋದರೂ ಪದ್ಧತಿಯ ಹೆಮ್ಮೆ ಹೋಗಿರಲಿಲ್ಲ. "ಏಳು ವರ್ಷದಿಂದ ಹಿಂದಿನಿಂದ ತುಂಬ್ತಿದೀಯಾ? ನನಗೊಂದು ಮಾತು ಹೇಳಲಿಲ್ಲ ನೀನು. ಮುಂದಿನಿಂದ ಅಂದ್ರೆ ಮುಂದಿನಿಂದ. ನಾನು ಮೂವತ್ತು ವರ್ಷ ಪಂಪು ನಡೆಸಿದೀನಿ."

"ಯಾಕಪ್ಪ ಮುಂದಿನಿಂದ?"

"ಯಾಕೆ ಅಂದ್ರೇನು? ಎಂಜಿನ್ ಇರೋದು ಮುಂದೆ. ಎಂಜಿನ್ ಕುಡೀದೆ ಗಾಡಿ ಹೊರಡುತ್ತಾ? ಅದರ ಹೊಟ್ಟೆ ತುಂಬಿದ ಮೇಲೆ ಮಿಕ್ಕವರಿಗೆ."

"ಈಗಿನ ಎಂಜಿನ್ ನೀರು ಕುಡಿಯುತ್ತಾ ಅಪ್ಪ?"

ಅಪ್ಪ ಕೈಯಿಂದ ಮಂಚದ ಅಂಚು ತಡವುತ್ತ ಕೂತ. ಉಗಿ ಎಂಜಿನ್ನು ಹೋಗಿ ಮೂವತ್ತು ವರ್ಷ ಆಗಿತ್ತು. ಅದಕ್ಕೆಂದು ಮಾಡಿದ ಪದ್ಧತಿ ಹಾಗೇ ಉಳಿದು, ಎಂಜಿನ್ನಿನ ಪಾಲು ಅದರ ಹಿಂದಿನ ಬೋಗಿಯವರಿಗೆ ಸಲ್ಲುತ್ತ ಬಂದಿತ್ತು.

"ಯಾರೂ ಕೇಳಲಿಲ್ಲ ನೋಡು" ಎಂದ ಕೊನೆಗೆ. "ನಾನೂ ಕೇಳಲಿಲ್ಲ." ಮಗಳ ಕಡೆಗೆ ಮುಖ ತಿರುಗಿಸಿ, "ಆ ಹಾಳೆಗೆ ಸೈನ್ ಹಾಕ್ಬೇಡ" ಎಂದ.

ನೀರಕ್ಕ ಮಗಳನ್ನು ಕರೆದಳು. ಹನ್ನೆರಡು ವರ್ಷದ ಹುಡುಗಿ, ಅಕ್ಷರ ದುಂಡಗೆ. ಅಮ್ಮ ಹೇಳಿದ್ದನ್ನು ಬಿಳಿಹಾಳೆಯ ಮೇಲೆ ಬರೆದಳು. ಕೆಳಗೆ ಸ್ಕೇಲಿನಿಂದ ಒಂದು ಗೆರೆಯನ್ನೂ ಎಳೆದಳು.

ವಿಚಾರಣೆ ನಡೆದದ್ದು ಮೇಲಿನ ಮಹಡಿಯ ತಂಗುವ ಕೋಣೆಯೊಂದರಲ್ಲಿ. ಮಂಚವನ್ನು ಗೋಡೆಗೆ ಸರಿಸಿ ಮೇಜು ಹಾಕಿದ್ದರು. ವಿಚಾರಣೆಯ ಅಧಿಕಾರಿ ಬೇರೆ ಊರಿನಿಂದ ಬಂದವರು, ಕನ್ನಡಕ ಒರೆಸುತ್ತ ನಿಧಾನವಾಗಿ ಮಾತಾಡುವವರು. ಮೊದಲು ಸೀಟಿಯನ್ನು ಕರೆದರು. ಅವನು ಬಾಗಿಲಲ್ಲೇ ನಿಂತು, "ನಾನು ಮಧ್ಯದ ಬೋಗಿಯವನು ಸರ್. ಹಿಂದೆ ಮುಂದೆ ಏನಾಗುತ್ತೆ ಅಂತ ನೋಡಿಲ್ಲ" ಎಂದ. ನೀರಕ್ಕನ ಕಡೆಗೂ ನೋಡಲಿಲ್ಲ. ಜ್ವರ ಬಂದಾಗ ಅವನ ಬೋಗಿಗಳನ್ನೂ ತಾನೇ ತುಂಬಿದವಳು ಅವಳು.

ಆಮೇಲೆ ಅವಳ ಸರದಿ.

"ಮರೆತು ಹಾಗೆ ಮಾಡಿದ್ದು ಅಂತ ಇಲ್ಲಿ ಬರೆದಿದೆ. ಸೈನ್ ಇಲ್ಲವಲ್ಲ?"

"ಮರೆತಿಲ್ಲ ಸರ್. ತಿಳಿದೇ ಮಾಡಿದ್ದು. ಏಳು ವರ್ಷದಿಂದ ದಿನಾ ಮಾಡ್ತಿದೀನಿ."

ಸೂಪರ್‌ವೈಸರು ಕೆಮ್ಮಿದ. ಅಧಿಕಾರಿ ಕನ್ನಡಕ ಹಾಕಿಕೊಂಡರು. "ಏಳು ವರ್ಷದಿಂದ? ಯಾರ ಆದೇಶ?"

"ಯಾರದ್ದೂ ಇಲ್ಲ ಸರ್. ಮುಂದಿನಿಂದ ತುಂಬಿದ್ರೆ ಹಿಂದಿನ ನಾಲ್ಕು ಬೋಗಿಗೆ ನೀರು ಹೋಗಲ್ಲ. ಸಾವಿರ ಜನ ಇರ್ತಾರೆ ಅಲ್ಲಿ. ಮಕ್ಕಳಿರ್ತಾರೆ, ಬಸುರಿಯರಿರ್ತಾರೆ. ಅವರು ಯಾರಿಗೂ ಕಾಗದ ಬರೆಯಲ್ಲ."

"ಅದೆಲ್ಲ ಸರಿ. ಆದರೆ ಪದ್ಧತಿ ಅಂತ ಒಂದಿದೆ. ಇನ್ನು ಮುಂದೆ ಮುಂದಿನಿಂದ ತುಂಬಿ."

"ತುಂಬ್ತೀನಿ ಸರ್. ಇದಕ್ಕೊಂದು ಸೈನ್ ಹಾಕಿಕೊಡಿ."

ಮಗಳು ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಗಟ್ಟಿಯಾಗಿಯೇ ಓದತೊಡಗಿದರು. 'ಎರಡು ಹತ್ತರ ಗಾಡಿಯ ಹಿಂದಿನ ನಾಲ್ಕು ಬೋಗಿಗಳಿಗೆ ನೀರು ಸಿಗದಿದ್ದರೂ ಪರವಾಗಿಲ್ಲ, ಮುಂದಿನಿಂದಲೇ ತುಂಬತಕ್ಕದ್ದು ಎಂದು ಈ ಮೂಲಕ ಆದೇಶಿಸುತ್ತೇನೆ.' ಕೊನೆಗೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಕೆಳಗೆ ಗೆರೆ, ಗೆರೆಯ ಕೆಳಗೆ 'ಸಹಿ ಮತ್ತು ಮೊಹರು'.

"ಇದಕ್ಕೆ ಯಾರಮ್ಮ ಸೈನ್ ಹಾಕ್ತಾರೆ?"

"ಅದೇ ಸರ್ ನಾನೂ ಕೇಳ್ತಿರೋದು. ಹೇಳೋದು ಇದನ್ನೇ, ಆದ್ರೆ ಬಾಯಲ್ಲಿ ಹೇಳ್ತೀರ. ಬರೆದುಕೊಡಿ ಅಂದ್ರೆ ಯಾರೂ ಕೊಡಲ್ಲ. ನನ್ನ ಹತ್ರ ಮಾತ್ರ ಬರೆಸಿಕೊಳ್ತೀರ. ನೀವು ನನ್ನದಕ್ಕೆ ಹಾಕಿ, ನಾನು ನಿಮ್ಮದಕ್ಕೆ ಹಾಕ್ತೀನಿ."

ಅಧಿಕಾರಿ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಸೂಪರ್‌ವೈಸರು ಕಿಟಕಿಯಾಚೆ ನೋಡಿದ. ಕಡೆಗೆ ಅಧಿಕಾರಿ ಎರಡನ್ನೂ ಫೈಲಿನೊಳಗೆ ಸೇರಿಸಿ ದಾರ ಕಟ್ಟಿ, "ನಿಮ್ಮ ಗಾಡಿ ಹೊತ್ತಾಯಿತು, ಹೋಗಿ" ಎಂದರು.

ಹೋದಳು. ಹಿಂದಿನಿಂದಲೇ ತುಂಬಿದಳು.

ಇಷ್ಟಕ್ಕೆ ಗೆದ್ದಳು ಎಂದುಕೊಳ್ಳುವವರು ಸರ್ಕಾರಿ ಫೈಲು ಕಂಡವರಲ್ಲ. ಆ ಫೈಲನ್ನು ಯಾರೂ ಮುಚ್ಚಲಿಲ್ಲ. ಮುಚ್ಚಬೇಕಾದರೆ ಎರಡರಲ್ಲಿ ಒಂದು ಹಾಳೆಗೆ ಸೈನ್ ಬೇಕು. ಮುಂದಿನ ತಿಂಗಳು ಮೇಸ್ತ್ರಿ ರಿಟೈರ್ ಆದಾಗ, 'ವಿಚಾರಣೆ ಬಾಕಿ ಇದೆ' ಎಂಬ ಮೂರು ಪದದ ಮೇಲೆ ನೀರಕ್ಕನನ್ನು ದಾಟಿಸಿ ಆ ಜಾಗವನ್ನು ಸೀಟಿಗೆ ಕೊಟ್ಟರು. ಹಿಂದೆ ಮುಂದೆ ನೋಡದವನಿಗೆ ಮೇಸ್ತ್ರಿ ಪಟ್ಟ. ಅವಳಿಗೆ ಹೊಟ್ಟೆ ಉರಿಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಇಷ್ಟು ದಿನ ಬಯಲಿನಲ್ಲಿ ತನ್ನ ಮಾತು ನಡೆಯುತ್ತಿತ್ತು. ಇನ್ನು ಬಯಲಿಗೇ ಇಳಿಯುವ ಮೇಸ್ತ್ರಿ ಬಂದಿದ್ದಾನೆ. ಅವನು ಮುಂದಿನಿಂದ ಎಂದರೆ ಉಳಿದಿಬ್ಬರು ಮುಂದಕ್ಕೆ ಹೋಗುತ್ತಾರೆ, ಅವಳೊಬ್ಬಳು ಹಿಂದೆ ವಾಲ್ವು ತೆರೆದರೆ ಗಾಳಿಯೇ ಬರುವುದು.

ಸೀಟಿ ಮೇಸ್ತ್ರಿಯಾದ ಮೊದಲ ದಿನ ಸೂಪರ್‌ವೈಸರು ಎಂದೂ ಇಳಿಯದವನು ಹಳಿಗಳ ನಡುವೆ ಇಳಿದ. ಪಾಲಿಶ್ ಮಾಡಿದ ಬೂಟು ಜಲ್ಲಿಕಲ್ಲಿನ ಮೇಲೆ ಜಾರುತ್ತಿತ್ತು. ಗಾಡಿ ಯಾವ ಕಡೆಯಿಂದ ತುಂಬುತ್ತದೆ ಎಂದು ನೋಡಿ ಬರಲು ಮೇಲಿನವರು ಹೇಳಿದ್ದರು. ಎರಡು ಹತ್ತಕ್ಕೆ ಗಾಡಿ ಬಂದು ನಿಂತಿತು. ಹಿಂದಿನ ಬೋಗಿಗಳ ಕಿಟಕಿಗಳಲ್ಲಿ ಬಿಸಿಲಿಗೆ ಬಾಡಿದ ಮುಖಗಳು ತುಂಬಿದ್ದವು. ಯಾವುದೋ ಕೂಸು ಒಂದೇ ಸಮನೆ ಅಳುತ್ತಿತ್ತು.

ನಾಲ್ಕು ಜನ ಪೈಪು ಹೊತ್ತು ಗಾಡಿಯ ನಟ್ಟನಡುವೆ ನಿಂತಿದ್ದರು. ಸೀಟಿ ನೀರಕ್ಕನ ಹತ್ತಿರ ಬಂದು, ಸೂಪರ್‌ವೈಸರಿಗೆ ಕೇಳದಂತೆ, "ಅಕ್ಕಾ, ಎಲ್ಲಿಂದ ಶುರು ಮಾಡೋಣ?" ಎಂದ.

ಹತ್ತು ವರ್ಷ ಅವನನ್ನು ನೀನು ಎಂದೇ ಕರೆದವಳು ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಮೇಸ್ತ್ರಿ ನೀವು. ನೀವೇ ಹೇಳಿ."

ಆ 'ನೀವು' ಅವನಿಗೆ ಕಪಾಳಕ್ಕೆ ಬಾರಿಸಿದಂತೆ ತಾಗಿತು. ಮುಖ ಕೆಂಪಾಯಿತು. ಒಂದು ನಿಮಿಷ ಹೋಯಿತು. ಹದಿನಾಲ್ಕರಲ್ಲಿ ಒಂದು ನಿಮಿಷ ಎಂದರೆ ಎಷ್ಟು ನೀರು ಎಂಬುದು ಇಬ್ಬರಿಗೂ ಗೊತ್ತು. ಆದರೂ ಅವಳು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಏಳು ವರ್ಷ ತಾನೊಬ್ಬಳೇ ಹೊತ್ತ ಮಾತು, ಇವತ್ತು ಅವನ ಬಾಯಿಂದ ಬರಬೇಕಿತ್ತು.

"ಹಿಂದಿನಿಂದ" ಎಂದ ಸೀಟಿ.

ಸೂಪರ್‌ವೈಸರು ಎಡವುತ್ತ ಹತ್ತಿರ ಬಂದ. "ಏನಂದೆ?"

ಸೀಟಿ ಅವನ ಕಡೆಗೆ ತಿರುಗಿದ. ಈ ಸಲ ಕಿಟಕಿಯಲ್ಲಿದ್ದವರಿಗೂ ಕೇಳಿಸಿತು. "ಹಿಂದಿನ ಬೋಗಿಯಿಂದ ಶುರು ಅಂದೆ ಸರ್. ನಾನೇ ಹೇಳಿದ್ದು, ಬರ್ಕೊಳ್ಳಿ."

ಸೂಪರ್‌ವೈಸರು ಜೇಬಿಗೆ ಕೈ ಹಾಕಿದ, ಪೆನ್ನು ತೆಗೆಯಲಿಲ್ಲ. ಅಷ್ಟರಲ್ಲಿ ನೀರಕ್ಕ ಪೈಪು ಎಳೆದುಕೊಂಡು ಓಡಿದ್ದಳು. ಉಳಿದಿಬ್ಬರು ಅವಳ ಹಿಂದೆ ಓಡಿದರು. ಕೊನೆಯ ಬೋಗಿಯ ಕಿಟಕಿಯಿಂದ ಒಬ್ಬಾಕೆ ಕೂಸನ್ನು ಎತ್ತಿ ಹಿಡಿದು ಏನೋ ಕೇಳಿದಳು.

"ಬಂತಮ್ಮ, ಬಂತು" ಎನ್ನುತ್ತ ನೀರಕ್ಕ ಬಗ್ಗಿ ವಾಲ್ವು ತಿರುಗಿಸಿದಳು.